ಮಳೆ ಬಿಟ್ಟ ಮೇಲೆ ಸೌತೆ: ಮಜಲು ಗದ್ದೆಯ ಕೆಲಸದ ಟಿಪ್ಪಣಿ

ಕರಾವಳಿಯಲ್ಲಿ ಸೌತೆ ಬೆಳೆಯುವವರಿಗೆ ಚಳಿಯ ಹೆದರಿಕೆ ಇಲ್ಲ. ಡಿಸೆಂಬರ್, ಜನವರಿಯಲ್ಲೂ ಹಗಲು 32 ಡಿಗ್ರಿ ಆಸುಪಾಸು ಇರುತ್ತದೆ. ರಾತ್ರಿ 20ಕ್ಕೆ ಇಳಿದರೆ ನಾವು ಶಾಲು ಹುಡುಕುತ್ತೇವೆ, ಬಳ್ಳಿಗೆ ಅದು ಹಿತವೇ. ಇಲ್ಲಿ ಲೆಕ್ಕ ಹಾಕಬೇಕಾದ್ದು ನೀರನ್ನು. ಅಕ್ಟೋಬರಿನಲ್ಲಿ ನೀರು ಹೆಚ್ಚಾಗಿ ಬೇರು ಕೊಳೆಯುತ್ತದೆ. ಮಾರ್ಚಿನಲ್ಲಿ ಬಾವಿ ತಳ ಕಾಣಿಸುತ್ತದೆ. ಈ ಎರಡರ ನಡುವೆ ಬಳ್ಳಿ ಎದ್ದು, ಕಾಯಿ ಬಿಟ್ಟು, ಕೊಯ್ಲು ಮುಗಿಯಬೇಕು. ಇನ್ನೊಂದು ತಲೆನೋವು ಹಣ್ಣು ನೊಣ. ಇವೆರಡನ್ನು ನೋಡಿಕೊಂಡರೆ ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ. ಅದಕ್ಕೇ ಈ ಟಿಪ್ಪಣಿಯಲ್ಲಿ ನೀರು ಮತ್ತು ನೊಣದ ಮಾತೇ ಜಾಸ್ತಿ.

ಜಾಗ ಪುತ್ತೂರಿನ ಹತ್ತಿರದ ಒಂದು ಮಜಲು ಗದ್ದೆಯ ಮೂಲೆ. ನಮ್ಮಲ್ಲಿ ಗದ್ದೆಗಳು ಮೂರು ಬಗೆ: ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು. ಬೆಟ್ಟು ಬೇಗ ಒಣಗುತ್ತದೆ. ಬೈಲಿನಲ್ಲಿ ಡಿಸೆಂಬರ್ ಬಂದರೂ ಕಾಲು ಹೂತುಕೊಳ್ಳುತ್ತದೆ. ಏಣೆಲು, ಅಂದರೆ ಮಳೆಗಾಲದ ಮೊದಲ ಬೆಳೆಯ ಭತ್ತ ಕೊಯ್ದಾದ ಮೇಲೆ ತರಕಾರಿಗೆ ಹೇಳಿ ಮಾಡಿಸಿದ್ದು ಮಜಲು. ಮೇಲ್ಮಣ್ಣು ಒಣಗಿದ್ದರೂ ಒಂದು ಗೇಣು ಕೆಳಗೆ ತೇವ ಇರುತ್ತದೆ. ಎರಡನೇ ಬೆಳೆಯಾದ ಸುಗ್ಗಿ ಭತ್ತ ಬಿಟ್ಟು ಬಹಳ ವರ್ಷಗಳಾಗಿದ್ದರಿಂದ ಗದ್ದೆ ಸುಮ್ನೆ ಬಿದ್ದಿರುತ್ತಿತ್ತು.

ಹಾಕಿದ್ದು ಎರಡು ಬಗೆ. ನೆಲದ ಮೇಲೆ ಹರಡುವ ಸಾಂಬಾರು ಸೌತೆ, ಅಂದರೆ ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ ಅಂತ ಸಿಗುವುದು. ಅದಕ್ಕೆ 12 ಗುಂಡಿ. ಇನ್ನೊಂದು ಹಸಿಯಾಗಿ ತಿನ್ನುವ ಮುಳ್ಳುಸೌತೆ. ಅದಕ್ಕೆ 20 ಅಡಿ ಉದ್ದದ ಒಂದು ಹಂದರ, ಅದರ ಬುಡದಲ್ಲಿ ಹತ್ತು ಗುಂಡಿ. ಮುಳ್ಳುಸೌತೆಯನ್ನು ನಮ್ಮವರು ಮಳೆಗಾಲದಲ್ಲಿ ಚಪ್ಪರಕ್ಕೆ ಬಿಡುವುದೇ ಹೆಚ್ಚು. ಮಳೆ ಬಿಟ್ಟ ಮೇಲೆ ಅದು ಹೇಗೆ ಬರುತ್ತದೆ ಅಂತ ನೋಡುವ ಆಸೆ ನನಗಿತ್ತು.

ಈ ಎರಡೂ ಸೌತೆಗಳು ದೂರದ ನೆಂಟರಷ್ಟೇ. ಸಾಂಬಾರು ಸೌತೆ ನಿಜಕ್ಕೂ ಕರಬೂಜದ ಜಾತಿಗೆ ಸೇರಿದ್ದು. ಮುಳ್ಳುಸೌತೆ ಬೇರೆಯೇ ಜಾತಿ. ಗದ್ದೆಯಲ್ಲಿ ಅಕ್ಕಪಕ್ಕ ಬೆಳೆಸಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದಕ್ಕೆ ಬಂದ ರೋಗ ಕೆಲವೊಮ್ಮೆ ಇನ್ನೊಂದಕ್ಕೆ ಅಷ್ಟಾಗಿ ಬರುವುದಿಲ್ಲ. ಬೀಜ ಎತ್ತುವಾಗಲೂ ಇದು ಗೊತ್ತಿರಬೇಕು, ಅದನ್ನು ಕೊನೆಗೆ ಹೇಳುತ್ತೇನೆ.

ಅಕ್ಟೋಬರ್: ಗುಂಡಿಯ ಕೆಲಸ

ಭತ್ತ ಕೊಯ್ದ ಕೂಡಲೇ ಮಾಡಿದ್ದು ಅಂಚಿನ ಕಣಿಯನ್ನು ಆಳ ಮಾಡಿ ನೀರು ತೋಡಿಗೆ ಹೋಗುವಂತೆ ಬಿಡಿಸಿದ್ದು. ಇದಕ್ಕಿಂತ ಮುಖ್ಯ ಕೆಲಸ ಆ ತಿಂಗಳಲ್ಲಿ ಬೇರೆ ಇಲ್ಲ. ಮಣ್ಣು ಒದ್ದೆ ಇರುವಾಗ ಅಗೆದರೆ ಹೆಂಟೆ ಕಲ್ಲಾಗುತ್ತದೆ, ಆಮೇಲೆ ಇಡೀ ಬೆಳೆಗಾಲ ಒಡೆಯುವುದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ, ಬೆರಳಿಂದ ತಟ್ಟಿದರೆ ಪುಡಿಯಾಗಬೇಕು. ಉಂಡೆಯಾಗಿಯೇ ಉಳಿದರೆ ಹಾರೆ ಮುಟ್ಟುವ ಹಾಗಿಲ್ಲ.

"ಎಂತ ಅವಸರ ನಿನಗೆ? ನೀರು ಇಳಿಯಲಿ ಮೊದಲು" ಅಂತ ಅಮ್ಮ ದಿನಾ ಹೇಳುತ್ತಿದ್ದರು. ಅವರು ಹೇಳಿದ್ದು ಸರಿಯೇ. ಹಿಂಗಾರು ಮಳೆ ನಮ್ಮಲ್ಲಿ ಸಂಜೆ ಗುಡುಗು ಸಮೇತ ಬರುತ್ತದೆ, ಒಂದೇ ಗಂಟೆಯಲ್ಲಿ ಗುಂಡಿ ತುಂಬಿಸಿ ಹೋಗುತ್ತದೆ. ಸಮುದ್ರದ ಕಡೆಯಿಂದಲೂ ನಂಬಿಕೆ ಇಲ್ಲ. 2019ರಲ್ಲಿ ದೀಪಾವಳಿಯ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಿತ್ತು ಅಲ್ವಾ? ಅದಕ್ಕೇ ಅಕ್ಟೋಬರಿನಲ್ಲಿ ಗುಂಡಿ ತಯಾರು ಮಾಡುವುದು, ಬೀಜ ಮಾತ್ರ ದೀಪಾವಳಿ ಕಳೆದ ಮೇಲೆ ಹಾಕುವುದು ಅಂತ ನಿರ್ಧಾರ ಮಾಡಿದೆ.

ನೆಲದ ಸೌತೆಗೆ ಎರಡು ಅಡಿ ಅಗಲ, ಒಂದು ಅಡಿ ಆಳದ ಗುಂಡಿ. ಸಾಲಿನಿಂದ ಸಾಲಿಗೆ ಆರೂವರೆ ಅಡಿ, ಗುಂಡಿಯಿಂದ ಗುಂಡಿಗೆ ಐದು ಅಡಿ. ನೋಡುವಾಗ ಜಾಗ ಹಾಳು ಮಾಡಿದ ಹಾಗೆ ಕಾಣುತ್ತದೆ. ಜನವರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮುಳ್ಳುಸೌತೆ ಮೇಲಕ್ಕೆ ಹೋಗುವುದರಿಂದ ಅದರ ಗುಂಡಿ ಸಣ್ಣದು, ಎರಡು ಅಡಿಗೊಂದು.

ನಮ್ಮದು ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಮಣ್ಣು. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಸೌತೆಗೆ ಅದು ಆಗುವುದಿಲ್ಲ. ಅದಕ್ಕೆ ಗುಂಡಿಗೆ ಎರಡು ಮುಷ್ಟಿ ಚಿಪ್ಪಿನ ಸುಣ್ಣ ಹಾಕಿ, ಮಣ್ಣಿಗೆ ಬೆರೆಸಿ ಎರಡು ವಾರ ಹಾಗೇ ಬಿಟ್ಟೆ. ಸುಣ್ಣ ಮತ್ತು ಹಟ್ಟಿಗೊಬ್ಬರವನ್ನು ಒಂದೇ ದಿನ ಹಾಕಬಾರದು. ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಹೊಡೆದರೆ ಗೊಬ್ಬರದ ದುಡ್ಡು ಹಾರಿಹೋಗುತ್ತಿದೆ ಅಂತಲೇ ಅರ್ಥ.

ಆಮೇಲೆ ಗುಂಡಿಯೊಳಗೆ ಒಣ ತರಗೆಲೆ, ಕಸಕಡ್ಡಿ ತುಂಬಿ, ಮೇಲೆ ಮಣ್ಣು ಎಳೆದು ಸುಟ್ಟೆ. ಇದು ಹಳೇ ಕ್ರಮ. ಸುಡುಮಣ್ಣು ಇಲ್ಲದೆ ಸೌತೆ ಹಾಕಿದವರನ್ನು ನಮ್ಮ ದೊಡ್ಡಪ್ಪ ಕೃಷಿಕರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ, ಮಣ್ಣಿನ ಹುಳಿ ಇನ್ನಷ್ಟು ಕಮ್ಮಿಯಾಗುತ್ತದೆ, ಮೇಲಿನ ಪದರದ ಹುಳುಹುಪ್ಪಟೆ, ಕಳೆಬೀಜ ಸಾಯುತ್ತವೆ. ಆದರೆ ಎಲೆಯ ಸಾವಯವ ಅಂಶ ಸುಟ್ಟು ಹೋಗುವುದೂ ನಿಜ. ಅದಕ್ಕೆ ಇಡೀ ಗದ್ದೆ ಸುಡದೆ ಗುಂಡಿ ಮಾತ್ರ ಸುಡುವುದು ಒಳ್ಳೆಯ ಹದ. ತಣಿದ ಮೇಲೆ ಪ್ರತಿ ಗುಂಡಿಗೆ ಒಂದು ಬುಟ್ಟಿ ಹಳೇ ಹಟ್ಟಿಗೊಬ್ಬರ, ಎರಡು ಮುಷ್ಟಿ ಬೇವಿನ ಹಿಂಡಿ. ಗುಂಡಿಯನ್ನು ಪೂರ್ತಿ ತುಂಬಿಸಿ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ದಿಬ್ಬ ಮಾಡಿದೆ. ತಡವಾಗಿ ಒಂದು ಮಳೆ ಬಂದರೂ ಬುಡದಲ್ಲಿ ನೀರು ನಿಲ್ಲಬಾರದು. ಡಿಸೆಂಬರ್ ಬಂದ ಮೇಲೆ ಅದೇ ದಿಬ್ಬದ ಸುತ್ತ ಮಣ್ಣು ಎಳೆದು ತಟ್ಟೆ ಮಾಡಿಕೊಂಡರಾಯಿತು.

ನವೆಂಬರ್: ಬೀಜ

ಸಾಂಬಾರು ಸೌತೆಯ ಬೀಜ ಮನೆಯದ್ದೇ. ಮುಳ್ಳುಸೌತೆಗೆ ಎರಡು ತಳಿ: ಒಂದು ಊರಿನದ್ದು, ಇನ್ನೊಂದು ಅಂಗಡಿಯಿಂದ ತಂದ ಪಾಯಿನ್‌ಸೆಟ್. ಈ ಪಾಯಿನ್‌ಸೆಟ್ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ್ದು. ಅದೂ ಸೆಕೆ, ಆರ್ದ್ರತೆ ಎರಡೂ ಇರುವ ಕರಾವಳಿ. ಎಲೆ ರೋಗಗಳನ್ನು ತಡೆದುಕೊಳ್ಳಲಿ ಅಂತಲೇ ಬೆಳೆಸಿದ ತಳಿ ಆದ್ದರಿಂದ ನಮ್ಮ ಹವೆಗೂ ಒಗ್ಗೀತು ಅನ್ನುವ ಲೆಕ್ಕ.

ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಆಗಲೇ ಗುಂಡಿಗೆ ಹಾಕಬೇಕು. ಮೊಳಕೆ ಉದ್ದವಾದರೆ ಮುರಿಯುತ್ತದೆ. ಗುಂಡಿಗೆ ಐದು ಬೀಜ, ಒಂದು ಬೆರಳಿನ ಗೆಣ್ಣಿನಷ್ಟು ಆಳ. ಇಷ್ಟು ಬೆಚ್ಚಗಿನ ನೆಲದಲ್ಲಿ ನಾಲ್ಕೈದು ದಿನದಲ್ಲಿ ಎರಡೆಲೆ ಕಾಣುತ್ತದೆ. ಮೂರನೇ ಎಲೆ ಬಂದ ಮೇಲೆ ಚೆನ್ನಾಗಿರುವ ಎರಡನ್ನು ಉಳಿಸಿ ಬಾಕಿಯದ್ದನ್ನು ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಉಳಿದವುಗಳ ಬೇರೂ ಅಲುಗುತ್ತದೆ. ಸೌತೆಗೆ ಬೇರು ಮುಟ್ಟಿದರೆ ಆಗುವುದಿಲ್ಲ. ಟ್ರೇಯಲ್ಲಿ ಸಸಿ ಮಾಡಿ ನೆಡುವುದೂ ಉಂಟು, ಆದರೆ ಇಷ್ಟು ಬಿಸಿ ನೆಲ ಇರುವಾಗ ಆ ಕಷ್ಟ ಯಾಕೆ?

ಸಸಿ ಕಂಡ ಕೂಡಲೇ ನವಿಲು ಬಂತು. ಹತ್ತು ವರ್ಷದ ಹಿಂದೆ ನಮ್ಮ ಕಡೆ ನವಿಲು ಕಂಡರೆ ಮಕ್ಕಳನ್ನು ಕರೆದು ತೋರಿಸುತ್ತಿದ್ದೆವು. ಈಗ ಗದ್ದೆಗೆ ಸಾಲಾಗಿ ಇಳಿದು ಎಳೆ ಸಸಿಯ ತುದಿಯನ್ನೇ ಚಿವುಟಿ ತಿನ್ನುತ್ತವೆ. ಹೊಡೆಯುವ ಹಾಗಿಲ್ಲ, ಅದು ರಾಷ್ಟ್ರಪಕ್ಷಿ. ಹಳೇ ಮೀನಿನ ಬಲೆಯನ್ನು ಗ್ಲಿರಿಸಿಡಿಯಾ ಗೂಟಕ್ಕೆ ಕಟ್ಟಿ ಸುತ್ತ ಮೂರಡಿ ಬೇಲಿ ಮಾಡಿದೆ. ಸಸಿಗಳ ಮೇಲೂ ತೆಂಗಿನ ಗರಿಯನ್ನು ಕಮಾನಿನ ಹಾಗೆ ಬಗ್ಗಿಸಿ ಊರಿದೆ. ಗರಿ ಹಗಲಿನ ಬಿಸಿಲಿಗೂ ಸ್ವಲ್ಪ ನೆರಳಾಯಿತು. ಬಳ್ಳಿ ಒಂದು ಮೊಳ ಹರಿದ ಮೇಲೆ ನವಿಲಿಗೆ ಅದರ ಮೇಲೆ ಆಸಕ್ತಿ ಹೋಗುತ್ತದೆ, ಎಳೆ ಕಾಯಿ ಬರುವವರೆಗೆ.

ಕೆಂಪು ದುಂಬಿಯೂ ಇದೇ ಹೊತ್ತಿಗೆ ಬರುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಎಲೆ ಮೇಲೆ ಒಲೆಬೂದಿ ಉದುರಿಸಿದೆ. ಎಲೆ ಒದ್ದೆ ಇದ್ದರೆ ಬೂದಿ ಅಂಟಿಕೊಳ್ಳುತ್ತದೆ, ದುಂಬಿ ಆ ಎಲೆ ಬಿಡುತ್ತದೆ. ಎಲೆಯಲ್ಲಿ ರಂಗೋಲಿ ಹುಳುವಿನ ಬಿಳಿ ಗೆರೆಗಳೂ ಕಂಡವು. ಅದಕ್ಕೆ ಏನೂ ಮಾಡಲಿಲ್ಲ. ಬುಡದ ನಾಲ್ಕು ಎಲೆ ಕಿತ್ತು ಸುಟ್ಟೆ, ಅಷ್ಟೇ.

ಡ್ರಮ್ಮಿನ ನೀರು

ನಮ್ಮ ಹಿರಿಯರು ಸೌತೆಗೆ ಕೊಡಪಾನದಲ್ಲಿ ನೀರು ಹೊತ್ತರು. ಬೆಳಿಗ್ಗೆ ಒಂದು ಸರ್ತಿ, ಸಂಜೆ ಒಂದು ಸರ್ತಿ. ನನ್ನ ಸೊಂಟಕ್ಕೆ ಅದು ಆಗದ ಕೆಲಸ. ಪಂಪಿನ ಪೈಪ್ ಹಿಡಿದು ಹೊಡೆದರೆ ದಿಬ್ಬವೇ ಕೊಚ್ಚಿ ಹೋಗುತ್ತದೆ. ಹಾಗಾಗಿ 200 ಲೀಟರಿನ ನೀಲಿ ಡ್ರಮ್ ಒಂದನ್ನು ಎತ್ತರದಲ್ಲಿ ಇಟ್ಟು, ಅಲ್ಲಿಂದ ತನ್ನಷ್ಟಕ್ಕೆ ಇಳಿಯುವ ನೀರಿನ ವ್ಯವಸ್ಥೆ ಮಾಡಿದೆ.

ಡ್ರಮ್ಮಿಗೆ ಕೆಂಪುಕಲ್ಲಿನ ಕಟ್ಟೆ, ನೆಲದಿಂದ ಮೂರು ಅಡಿ. ಸಿಮೆಂಟ್ ಹಾಕಲಿಲ್ಲ, ಕಲ್ಲನ್ನು ಅಡ್ಡ ಉದ್ದ ಬದಲಿಸುತ್ತಾ ಪೇರಿಸಿದ್ದಷ್ಟೇ. ತುಂಬಿದ ಡ್ರಮ್ 200 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅದಕ್ಕೆ ಕಟ್ಟೆಯ ಅಡಿಯ ಗದ್ದೆ ಮಣ್ಣು ತೆಗೆದು ಗಟ್ಟಿ ಪದರ ಸಿಗುವವರೆಗೆ ಹೋಗಿ ಅಲ್ಲಿಂದ ಕಲ್ಲು ಏರಿಸಿದೆ. ಡ್ರಮ್ಮಿನ ಬುಡದಿಂದ ಎರಡು ಇಂಚು ಮೇಲೆ ತೂತು ಕೊರೆದು ಟ್ಯಾಂಕ್ ನಿಪ್ಪಲ್, ಅದಕ್ಕೊಂದು ಗೇಟ್ ವಾಲ್ವ್. ತಳದ ಕೆಸರು ಪೈಪಿಗೆ ಇಳಿಯದಿರಲಿ ಅಂತ ಆ ಎರಡು ಇಂಚು. ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿದೆ. ಪಂಪಿನಿಂದ ಬರುವ ನೀರು ಅದರ ಮೇಲೆ ಬಿದ್ದು ಸೋಸಿ ಇಳಿಯುತ್ತದೆ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ.

ತೋಟದಲ್ಲಿ ಮಿಕ್ಕಿದ ಅಡಿಕೆಯ ಡ್ರಿಪ್ಪರ್‌ಗಳು, ಅಂದರೆ ಹನಿ ಹನಿ ನೀರು ಬಿಡುವ ತುದಿಗಳು ಇದ್ದವು, ಅವನ್ನೇ ಹಾಕಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಕುವ ಮೊದಲು ಲೆಕ್ಕ ಮಾಡಬೇಕು. ಗಂಟೆಗೆ 4 ಲೀಟರ್ ಅಂತ ಬರೆದ ಡ್ರಿಪ್ಪರ್ ಅಷ್ಟು ನೀರು ಕೊಡುವುದು ಹತ್ತು ಮೀಟರ್ ಎತ್ತರದ ನೀರಿನ ಒತ್ತಡ ಇದ್ದರೆ. ನಮ್ಮ ಡ್ರಮ್ ಮುಗಿಯುವ ಹೊತ್ತಿಗೆ ಇರುವ ಎತ್ತರ ಒಂದು ಮೀಟರಿನಷ್ಟು. ಒತ್ತಡ ಹತ್ತರಲ್ಲಿ ಒಂದು ಪಾಲಾದರೆ ನೀರು ಅದರ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ, ಅಂದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ. ಗಂಟೆಗೆ ಒಂದೂಕಾಲು ಲೀಟರ್! ಕಾಯಿ ಬಿಟ್ಟ ಗುಂಡಿಗೆ ದಿನಕ್ಕೆ ಎಂಟು ಲೀಟರ್ ಬೇಕು. ಅಷ್ಟು ಬೀಳಲು ದಿನಾ ಸುಮಾರು ಆರೂವರೆ ಗಂಟೆ ವಾಲ್ವ್ ಬಿಟ್ಟಿರಬೇಕು. ಒತ್ತಡ ಸರಿಹೊಂದಿಸುವ ಬಗೆಯ ಡ್ರಿಪ್ಪರ್ ಆದರಂತೂ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ.

ಅದಕ್ಕೆ ಡ್ರಿಪ್ಪರ್ ಬಿಟ್ಟು, 25 ಮಿಲಿಮೀಟರಿನ ಕಪ್ಪು ಪೈಪನ್ನು ಸಾಲಿನ ನಡುವೆ ಎಳೆದು, ಗುಂಡಿಗೊಂದರಂತೆ 4 ಮಿಲಿಮೀಟರಿನ ಮೈಕ್ರೊಟ್ಯೂಬ್ ನೇರವಾಗಿ ಚುಚ್ಚಿದೆ. ಸಣ್ಣ ಪೈಪ್ ಹಾಕಿದರೆ ಇರುವ ಚೂರು ಒತ್ತಡವೂ ದಾರಿಯಲ್ಲೇ ಕಳೆದುಹೋಗುತ್ತದೆ. ಮೊದಲ ದಿನ ನೀರು ಬಿಟ್ಟಾಗ ಡ್ರಮ್ಮಿನ ಹತ್ತಿರದ ಗುಂಡಿಗೆ ಜಾಸ್ತಿ, ಕೊನೆಯದ್ದಕ್ಕೆ ಕಡಿಮೆ ಬೀಳುತ್ತಿತ್ತು. ಇದಕ್ಕೆ ಖರ್ಚಿಲ್ಲದ ಉಪಾಯ ಉಂಟು. ಟ್ಯೂಬ್ ಉದ್ದ ಆದಷ್ಟೂ ನೀರು ತಡೆಯುತ್ತದೆ. ಹತ್ತಿರದ ಗುಂಡಿಗೆ ಉದ್ದದ ಟ್ಯೂಬ್ ಇಟ್ಟು ಅದನ್ನು ಸುರುಳಿ ಸುತ್ತಿದೆ, ದೂರದ್ದನ್ನು ಚೂರು ಚೂರೇ ಕತ್ತರಿಸುತ್ತಾ ಬಂದೆ. ಪ್ರತಿ ತುದಿಗೂ ಲೀಟರ್ ಬಾಟ್ಲಿ ಹಿಡಿದು ಮೊಬೈಲಿನ ಗಡಿಯಾರ ನೋಡಿ, ಎಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತುಂಬುವವರೆಗೆ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಆಯಿತು.

ಪೈಪಿನ ತುದಿಯನ್ನು ಮಡಚಿ ರಬ್ಬರ್ ಹಾಕಿದ್ದೇನೆ, ವಾರಕ್ಕೊಮ್ಮೆ ಬಿಚ್ಚಿ ತೊಳೆಯಲು. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇದೆ, ಕೆಂಪು ಅಂಟು ಕಟ್ಟುತ್ತದೆ.

ಎಷ್ಟು ನೀರು ಅನ್ನುವುದನ್ನು ಬಳ್ಳಿಯೇ ಹೇಳುತ್ತದೆ. ಮಧ್ಯಾಹ್ನ ಎಲೆ ಸೊರಗಿದರೆ ಗಾಬರಿ ಬೇಡ. ಸಂಜೆ ಐದಕ್ಕೂ ಹಾಗೇ ಇದ್ದರೆ ನೀರು ಸಾಕಾಗಿಲ್ಲ. ಸಸಿಗೆ ದಿನಕ್ಕೆ ಒಂದೆರಡು ಲೀಟರ್, ಹೂ ಬಿಡುವಾಗ ನಾಲ್ಕೈದು, ಕಾಯಿ ಬೆಳೆಯುವಾಗ ಎಂಟು. ಪ್ರಮಾಣಕ್ಕಿಂತ ಕ್ರಮ ಮುಖ್ಯ. ಒಂದು ದಿನ ಬರಗಾಲ, ಮಾರನೇ ದಿನ ಪ್ರವಾಹ ಆದರೆ ಮುಳ್ಳುಸೌತೆ ಕಹಿಯಾಗುತ್ತದೆ, ಸಾಂಬಾರು ಸೌತೆ ಬಿರಿಯುತ್ತದೆ. ಕಹಿಗೆ ಕಾರಣ ಕುಕರ್ಬಿಟಾಸಿನ್ ಅನ್ನುವ ವಸ್ತು. ಬಳ್ಳಿಗೆ ಕಷ್ಟ ಬಂದಾಗ ಅದು ಕಾಯಿಗೂ ಇಳಿಯುತ್ತದೆ, ತೊಟ್ಟಿನ ಕಡೆ ಜಾಸ್ತಿ.

ಬುಡಕ್ಕೆ ಬೈಹುಲ್ಲು ಹೊದಿಸಿದ ಮೇಲೆ ನೀರು ಬೇಕಾಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ನೆಲದ ಬಳ್ಳಿ ಹರಿಯುವ ಕಡೆಯೆಲ್ಲ ಒಣ ಮಡಲು ಹರಡಿದೆ. ಬಳ್ಳಿಯ ಕುಡಿ ಅದನ್ನು ಹಿಡಿದುಕೊಳ್ಳುತ್ತದೆ, ಗಾಳಿಗೆ ಮಗುಚುವುದಿಲ್ಲ. ಕಾಯಿಯೂ ಒದ್ದೆ ಮಣ್ಣು ಮುಟ್ಟುವುದಿಲ್ಲ.

ಹಂದರ

ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಿದ್ದ ಅಡಿಕೆ ಮರವನ್ನು ಸೀಳಿದ ಸಲಾಕೆ ಆರು, ನೆಲದ ಮೇಲೆ ಐದೂವರೆ ಅಡಿ, ಒಳಗೆ ಒಂದೂವರೆ ಅಡಿ. ಬುಡ ಸುಟ್ಟು ಕರಕಲು ಮಾಡಿದರೆ ಒರಲೆ ಬೇಗ ಹಿಡಿಯುವುದಿಲ್ಲ. ಎರಡು ತುದಿಯ ಕಂಬಗಳಿಗೆ ಹೊರಗಿನಿಂದ ಓರೆ ಆಧಾರ ಕೊಡಲೇಬೇಕು. ಕಾಯಿ ಬಿಟ್ಟ ಮೇಲೆ ಭಾರವೆಲ್ಲ ನಡುವಿಗೆ ಎಳೆಯುತ್ತದೆ. ಮೇಲೊಂದು, ಕೆಳಗೊಂದು ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ), ನಡುವೆ ನೈಲಾನ್ ಬಲೆ. ಬಲೆಯ ಕಣ್ಣು ಕೈ ಹೋಗುವಷ್ಟು ದೊಡ್ಡದಿರಲಿ. ಇಲ್ಲದಿದ್ದರೆ ಕಾಯಿ ಕಣ್ಣಿನೊಳಗೆ ಸಿಕ್ಕಿಕೊಂಡು ನಡು ಸಣ್ಣಗಾಗಿ ಬೆಳೆಯುತ್ತದೆ, ಕೊಯ್ಯಲೂ ಆಗುವುದಿಲ್ಲ. ಸಾಲು ಉತ್ತರ ದಕ್ಷಿಣ, ಎರಡೂ ಬದಿಗೆ ಬಿಸಿಲು ಸಿಗಲಿ ಅಂತ.

ಡಿಸೆಂಬರ್: ಹೂವು

ಮೊದಲು ಬಿಡುವುದೆಲ್ಲ ಗಂಡು ಹೂವು. "ಹೂ ಬಿಟ್ಟದ್ದೆಲ್ಲ ಉದುರಿತು ಮಾರಾಯಾ" ಅಂತ ಪಕ್ಕದ ಗದ್ದೆಯ ಅಣ್ಣ ಪ್ರತಿ ವರ್ಷ ಬೇಸರ ಮಾಡಿಕೊಳ್ಳುತ್ತಾರೆ. ಉದುರಲೇಬೇಕು, ಅದಕ್ಕೆ ಬೇರೆ ಕೆಲಸ ಇಲ್ಲ. ಆಮೇಲೆ ಬುಡದಲ್ಲಿ ಪುಟ್ಟ ಮಿಡಿ ಹೊತ್ತ ಹೆಣ್ಣು ಹೂವು ಬರುತ್ತದೆ.

ಮಳೆಗಾಲದ ಬಳ್ಳಿಗಿಂತ ಈ ಬಳ್ಳಿಗೆ ಹೆಣ್ಣು ಹೂವು ಬೇಗ, ಜಾಸ್ತಿ. ಇದರ ಹಿಂದೆ ಕಾರಣ ಇದೆ. ಸೌತೆಯ ಜಾತಿಯಲ್ಲಿ ಹಗಲು ಚಿಕ್ಕದಾಗಿ, ರಾತ್ರಿ ತಂಪಾದಷ್ಟೂ ಹೆಣ್ಣು ಹೂವಿನ ಪಾಲು ಏರುತ್ತದೆ. ನಮ್ಮ ಊರಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟೇ ಸಾಕಾಗುತ್ತದೋ, ರಾತ್ರಿಯ ತಂಪು ಜಾಸ್ತಿ ಕೆಲಸ ಮಾಡುತ್ತದೋ, ಎರಡೂ ಕೂಡಿಯೋ, ಅಂತೂ ಹಂದರದಲ್ಲಿ ಗೆಣ್ಣಿಗೊಂದು ಮಿಡಿ. ಮಳೆ ಇಲ್ಲದ್ದರಿಂದ ಜೇನು ಬೆಳಗಿನಿಂದಲೇ ಕೆಲಸಕ್ಕೆ ಇಳಿಯುತ್ತದೆ, ಅದೂ ದೊಡ್ಡ ಲಾಭ. ಹೂವು ಅರಳುವುದು ಬೆಳಿಗ್ಗೆ, ಆಯುಷ್ಯ ಒಂದೇ ದಿನ. ತೋಟದ ತುಡುವೆ ಜೇನಿನ ಪೆಟ್ಟಿಗೆಯಿಂದಲೂ ಬರುತ್ತವೆ, ಗೋಡೆ ಬಿರುಕಿನ ಮುಜಂಟಿ ಅನ್ನುವ ಪುಟ್ಟ ಜೇನೂ ಬರುತ್ತದೆ. ಏನೇ ಸಿಂಪಡಿಸುವುದಿದ್ದರೂ, ಬೇವಿನ ಎಣ್ಣೆಯೇ ಆದರೂ, ಸೂರ್ಯ ಮುಳುಗಿದ ಮೇಲೆಯೇ.

ಈ ಹೊತ್ತಿಗೆ ಕಡಲೆ ಹಿಂಡಿ ನೆನೆಸಿದ ನೀರು ಗುಂಡಿಗೆ ಅರ್ಧ ಲೀಟರಿನಂತೆ ಹತ್ತು ದಿನಕ್ಕೊಮ್ಮೆ ಕೊಟ್ಟೆ. ವಾಸನೆಗೆ ಮನೆಯವರು ಎರಡು ದಿನ ಮಾತು ಬಿಡುತ್ತಾರೆ. ಎಲೆ ಕಡು ಹಸಿರಾಗಿ ಬಳ್ಳಿ ಓಡುತ್ತಲೇ ಇದ್ದು ಕಾಯಿ ಕಚ್ಚದಿದ್ದರೆ ಹಿಂಡಿ ನಿಲ್ಲಿಸಿ ಬೂದಿ ಹಾಕಬೇಕು.

ಹಣ್ಣು ನೊಣ

ಇದೇ ನಿಜವಾದ ಜಗಳ. ಹೆಣ್ಣು ನೊಣ ಎಳೆ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದಲ್ಲಿ ಒಂದು ಹನಿ ಅಂಟು ಒಸರುತ್ತದೆ, ಆಮೇಲೆ ಅಲ್ಲಿ ಕಾಯಿ ಡೊಂಕಾಗುತ್ತದೆ. ಒಳಗೆ ಹುಳು ತಿಂದು ಕಾಯಿ ಕೊಳೆತು ಬೀಳುತ್ತದೆ. ಹುಳು ಹೊರಬಂದು ಮಣ್ಣಿನೊಳಗೆ ಕೋಶ ಕಟ್ಟುತ್ತದೆ, ಅಲ್ಲಿಂದ ಮತ್ತೆ ನೊಣ. ನಮ್ಮ ಸೆಕೆಗೆ ಈ ಸುತ್ತು ಮೂರು ವಾರದೊಳಗೆ ಮುಗಿಯುತ್ತದೆ. ಕಾಯಿಯೊಳಗಿನ ಹುಳುವಿಗೆ ಹೊರಗಿನಿಂದ ಹೊಡೆದ ಮದ್ದು ತಾಗುವುದೇ ಇಲ್ಲ, ಆದ್ದರಿಂದ ಆ ಸುತ್ತನ್ನು ಬೇರೆ ಬೇರೆ ಕಡೆ ಕಡಿಯಬೇಕು.

ಮೊದಲನೇದು ಮೋಹಕ ಬಲೆ, ಅಂದರೆ ವಾಸನೆಯ ಬಿಲ್ಲೆ ಇಟ್ಟು ನೊಣವನ್ನು ಸೆಳೆಯುವ ಬಲೆ. ಅಂಗಡಿಗೆ ಹೋಗಿ ಸುಮ್ನೆ "ಹಣ್ಣು ನೊಣದ ಟ್ರ್ಯಾಪ್ ಕೊಡಿ" ಅಂದರೆ ಮಾವಿನದ್ದು ಕೊಡುವ ಸಾಧ್ಯತೆ ಜಾಸ್ತಿ. ಮಾವಿನ ನೊಣಕ್ಕೆ ಹಾಕುವುದು ಮಿಥೈಲ್ ಯುಜಿನಾಲ್. ಸೌತೆ, ಹಾಗಲ, ಹೀರೆಗೆ ಬರುವ ನೊಣ ಅದಕ್ಕೆ ತಿರುಗಿಯೂ ನೋಡುವುದಿಲ್ಲ, ಅದಕ್ಕೆ ಬೇಕಾದ್ದು ಕ್ಯೂ ಲ್ಯೂರ್. ಬಿಲ್ಲೆಯ ಪ್ಯಾಕೆಟ್ ಮೇಲೆ ಓದಿ ತರಬೇಕು. ಗೆರಟೆಯಲ್ಲಿ ತುಳಸಿ ಜಜ್ಜಿ ಇಡುವ ಉಪಾಯವೂ ಮಾವಿನ ನೊಣಕ್ಕೇ ಸರಿ. ಲೀಟರಿನ ನೀರಿನ ಬಾಟ್ಲಿಯ ಮೇಲ್ಭಾಗದಲ್ಲಿ ಎದುರು ಬದುರು ತೂತು ಮಾಡಿ, ಒಳಗೆ ತಂತಿಯಲ್ಲಿ ಬಿಲ್ಲೆ ತೂಗಿಸಿ, ತಳದಲ್ಲಿ ಸೋಪಿನ ನೀರು ಹಾಕಿ, ಹಂದರದ ಎರಡು ತುದಿಗೆ ಎದೆ ಎತ್ತರದಲ್ಲಿ ಕಟ್ಟಿದೆ. ಬಲೆ ಕಟ್ಟಬೇಕಾದ್ದು ಮೊದಲ ಹೂವು ಕಂಡಾಗ, ಕಾಯಿ ಹಾಳಾದ ಮೇಲಲ್ಲ.

ಆದರೆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಾಟ್ಲಿ ತುಂಬಾ ನೊಣ ಸತ್ತು ಬಿದ್ದಿದ್ದನ್ನು ನೋಡಿ ಸಮಾಧಾನ ಪಡುವಂತಿಲ್ಲ. ಪಕ್ಕದ ಹೀರೆ ಚಪ್ಪರದಲ್ಲಿ ಜೋಡಿಯಾಗಿ ಬಂದ ಹೆಣ್ಣು ನಿಮ್ಮ ಕಾಯಿಗೆ ಚುಚ್ಚಿಯೇ ಚುಚ್ಚುತ್ತದೆ. ಆದ್ದರಿಂದ ಎರಡನೇ ಕೆಲಸ, ಕಾಯಿಗೆ ಉಡುಪು. ಹೂವು ಬಾಡಿ ಮಿಡಿ ಹೆಬ್ಬೆರಳಿನಷ್ಟು ಆದ ಕೂಡಲೇ ಸಾಂಬಾರು ಸೌತೆಗೆ ಹಳೇ ಪತ್ರಿಕೆಯ ಎರಡು ಪದರದ ಚೀಲ ಹಾಕಿ ಬಾಳೆನಾರಿನಲ್ಲಿ ಸಡಿಲ ಕಟ್ಟಿದೆ. ಕಾಯಿ ದೊಡ್ಡದಾಗುತ್ತಾ ಕಾಗದ ಹರಿದರೂ ತೊಂದರೆ ಇಲ್ಲ, ಅಷ್ಟರೊಳಗೆ ಸಿಪ್ಪೆ ಗಟ್ಟಿಯಾಗಿರುತ್ತದೆ. ಪ್ಲಾಸ್ಟಿಕ್ ಚೀಲ ಹಾಕಬೇಡಿ, ಒಳಗೆ ಬೆವರಿ ಕೊಳೆಯುತ್ತದೆ. ಮುಳ್ಳುಸೌತೆಗೆ ಚೀಲ ಹಾಕುತ್ತಾ ಕೂರಲು ಆಗುವುದಿಲ್ಲ, ಎಳೆಯದರಲ್ಲೇ ಕೊಯ್ದುಬಿಡುವುದೇ ಅದಕ್ಕೆ ರಕ್ಷಣೆ.

ಮೂರನೇದು ಯಾರಿಗೂ ಇಷ್ಟವಿಲ್ಲದ ಕೆಲಸ. ಬಿದ್ದ ಕಾಯಿ, ಡೊಂಕು ಕಾಯಿ ಎಲ್ಲ ಹೆಕ್ಕಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡುವುದು. ಗೊಬ್ಬರ ಗುಂಡಿಗೆ ಎಸೆದರೆ ನೊಣಕ್ಕೆ ಹೆರಿಗೆ ಮನೆ ಕಟ್ಟಿಸಿಕೊಟ್ಟ ಹಾಗೆ. ಮನೆಯ ಕೋಳಿಗಳನ್ನು ಸಂಜೆ ಸಾಲಿನ ನಡುವೆ ಬಿಟ್ಟರೆ ಮಣ್ಣು ಕೆದಕಿ ಕೋಶ ತಿನ್ನುತ್ತವೆ. ಬೈಹುಲ್ಲನ್ನೂ ಕೆದಕಿ ಹಾಕುತ್ತವೆ ಅನ್ನುವುದು ಬೇರೆ ಮಾತು. ನನ್ನ ಮಟ್ಟಿಗೆ ಈ ಮೂರರಲ್ಲಿ ಹೆಚ್ಚು ಕಾಯಿ ಉಳಿಸಿದ್ದು ಪತ್ರಿಕೆಯ ಚೀಲ, ಅಂಗಡಿಯ ಬಿಲ್ಲೆಯಲ್ಲ.

ಜನವರಿ: ಬೂದಿ ರೋಗ, ಕೊಯ್ಲು

ಸಂಕ್ರಾಂತಿಯ ಆಸುಪಾಸು ಸಾಂಬಾರು ಸೌತೆಯ ಹಳೇ ಎಲೆಗಳ ಮೇಲೆ ಬಿಳಿ ಪುಡಿ ಕಾಣಿಸಿತು. ಬೂದಿ ರೋಗ. ಮಳೆ ಇಲ್ಲದೆ, ರಾತ್ರಿ ಇಬ್ಬನಿ, ಹಗಲು ಒಣ ಗಾಳಿ ಇದ್ದರೆ ಇದು ಬಂದೇ ಬರುತ್ತದೆ. ಅಂಗಡಿಯಲ್ಲಿ ಗಂಧಕ ಕೊಡುತ್ತಾರೆ. ಆದರೆ ಕರಬೂಜದ ಜಾತಿಯ ಎಲೆಗೆ ಗಂಧಕ ಆಗುವುದಿಲ್ಲ. 32 ಡಿಗ್ರಿ ಬಿಸಿಲಿನಲ್ಲಿ ಅಂಚು ಸುಟ್ಟು ಹೋಗುತ್ತದೆ. ನಾನು ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದೆ. ಅಜ್ಜಿ ಮದ್ದು ಅಂತ ನಗಬೇಡಿ. ಬ್ರೆಜಿಲ್‌ನಲ್ಲಿ ಕುಂಬಳದ ಜಾತಿಯ ಬೆಳೆಯ ಮೇಲೆ ಹಸುವಿನ ಹಾಲು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದಾರೆ. ಇದು ಇರುವ ರೋಗವನ್ನು ಅಳಿಸುವುದಿಲ್ಲ, ಹೊಸ ಎಲೆಗೆ ಹರಡುವುದನ್ನು ತಡೆಯುತ್ತದೆ. ಪಾಯಿನ್‌ಸೆಟ್ ಬಳ್ಳಿಯ ಎಲೆ ಚೆನ್ನಾಗಿಯೇ ಇತ್ತು. ಊರಿನ ಮುಳ್ಳುಸೌತೆಯ ಎಲೆಗೆ ಸ್ವಲ್ಪ ಹಿಡಿಯಿತು, ಆದರೆ ಕಾಯಿಯ ರುಚಿಯಲ್ಲಿ ಊರಿನದ್ದೇ ಮೇಲು.

ಮುಳ್ಳುಸೌತೆಯ ಕೊಯ್ಲು ಬೀಜ ಹಾಕಿ ಒಂದೂವರೆ ತಿಂಗಳಿಗೇ ಶುರುವಾಗಿತ್ತು. ಅದನ್ನು ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಒಂದು ಕಾಯಿ ಎಲೆಯಡಿ ಅಡಗಿ ಬಲಿತರೂ ಬಳ್ಳಿ ತನ್ನ ಕೆಲಸ ಮುಗಿಯಿತು ಅಂತ ಹೊಸ ಮಿಡಿ ಕಡಿಮೆ ಮಾಡುತ್ತದೆ. ಬಲಿತದ್ದು ಸಿಕ್ಕರೆ ಅಮ್ಮನಿಗೆ ಖುಷಿ, ಅದನ್ನು ತುರಿದು ಅಕ್ಕಿಗೆ ರುಬ್ಬಿ ದೋಸೆ ಹೊಯ್ಯುತ್ತಾರೆ.

ಸಾಂಬಾರು ಸೌತೆಗೆ ಅವಸರ ಇಲ್ಲ. ಹಸಿರು ಪಟ್ಟೆ ಹೋಗಿ ಹಳದಿ, ಕಿತ್ತಳೆ ಬಣ್ಣ ಬಂದು, ತೊಟ್ಟಿನ ಹತ್ತಿರದ ಎಲೆ ಒಣಗಿದ ಮೇಲೆ ಕೊಯ್ದರೆ ತಿಂಗಳುಗಟ್ಟಲೆ ಇಡಬಹುದು. ತೊಟ್ಟು ಎರಡು ಇಂಚು ಬಿಟ್ಟು ಕತ್ತರಿಸಬೇಕು, ತಿರುಚಿ ಕೀಳಬಾರದು. ತೊಟ್ಟು ಕಿತ್ತ ಗಾಯದಿಂದಲೇ ಕೊಳೆ ಶುರುವಾಗುವುದು. ತೊಳೆಯಬಾರದು, ಒಂದರ ಮೇಲೊಂದು ರಾಶಿ ಹಾಕಬಾರದು. ಒಂದು ದಿನ ನೆರಳಲ್ಲಿ ಇಟ್ಟು, ಬಾಳೆನಾರಿನ ಎರಡು ಕುಣಿಕೆ ಹಾಕಿ ಅಟ್ಟದ ಅಡ್ಡಕ್ಕೆ ತೂಗಿಸಿದೆವು. ಒಂದಕ್ಕೊಂದು ತಾಗದ ಹಾಗೆ, ಸುತ್ತ ಗಾಳಿ ಆಡುವ ಹಾಗೆ. ಅಡಿಗೆಮನೆಯ ಹೊಗೆ ತಾಗುವಲ್ಲಿ ಇನ್ನೂ ಒಳ್ಳೆಯದು. ಈಗ ಗ್ಯಾಸ್ ಬಂದು ಹೊಗೆ ಇಲ್ಲ, ಹಾಗಾಗಿ ಬಚ್ಚಲ ಒಲೆಯ ಮೇಲಿನ ಅಟ್ಟ ಹಿಡಿದೆವು. ಏಪ್ರಿಲಿನ ಬಿಸು ಹಬ್ಬದ ಕಣಿಗೆ, ಅಂದರೆ ಬೆಳಿಗ್ಗೆ ಎದ್ದು ಮೊದಲು ನೋಡಲು ಇಡುವ ಫಲವಸ್ತುಗಳಿಗೆ, ಬಣ್ಣ ಬಂದ ಒಂದು ಚೆಂದದ ಕಾಯಿಯನ್ನು ಅಮ್ಮ ಮೊದಲೇ ಬೇರೆ ತೆಗೆದಿಟ್ಟರು. ಚೀಲ ಹಾಕದೆ ಬಿಟ್ಟ ಕಾಯಿಗಳು ತೂಗು ಹಾಕಿದರೂ ಬೇಗ ಮೆತ್ತಗಾದವು. ನೊಣ ಚುಚ್ಚಿ ಗುಣವಾದ ಗಾಯವೂ ಒಳಗೆ ಉಳಿದಿರುತ್ತದೆ, ಅಂಥದ್ದನ್ನು ಮೊದಲು ಹುಳಿಗೆ ಹಾಕಿ ಮುಗಿಸಬೇಕು.

ಬಾವಿಯ ನೀರು ಫೆಬ್ರವರಿ ಕೊನೆಗೆ ಕೆಳಗೆ ಹೋಗತೊಡಗಿತು. ಬಳ್ಳಿಯಲ್ಲಿ ಇನ್ನೂ ಹೂವು ಇತ್ತು, ಆದರೂ ವಾಲ್ವ್ ಮುಚ್ಚಿದೆ. ಆ ನೀರು ಅಡಿಕೆಗೆ ಬೇಕು. ಹೊಸದಾಗಿ ಬಂದ ಕಾಯಿಗಳೂ ಸಣ್ಣ, ನೊಣವೂ ಜಾಸ್ತಿ. ಬೂದಿ ಹಿಡಿದ ಬಳ್ಳಿ ಸುಟ್ಟು, ಉಳಿದದ್ದನ್ನು ಗದ್ದೆಯಲ್ಲೇ ಹರಡಿದೆ.

ಬೀಜಕ್ಕೆ ಬಿಟ್ಟದ್ದು ಎರಡನೇ, ಮೂರನೇ ಗೆಣ್ಣಿನ ಕಾಯಿ, ರೋಗ ಇಲ್ಲದ ಬಳ್ಳಿಯದ್ದು. ತಿರುಳಿನ ಸಮೇತ ಬೀಜವನ್ನು ಮಣ್ಣಿನ ಪಾತ್ರೆಯಲ್ಲಿ ಎರಡು ದಿನ ಹುಳಿ ಬರಲು ಬಿಟ್ಟರೆ ಲೋಳೆ ತಾನಾಗಿ ಬಿಡುತ್ತದೆ. ತೊಳೆಯುವಾಗ ತೇಲಿದ ಬೀಜ ಜೊಳ್ಳು, ಚೆಲ್ಲಿ. ಮುಳುಗಿದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸಬೇಕು. ಮುಳ್ಳುಸೌತೆಯೂ ಸಾಂಬಾರು ಸೌತೆಯೂ ಅಕ್ಕಪಕ್ಕ ಇದ್ದರೂ ಬೆರಕೆ ಆಗುವುದಿಲ್ಲ, ಜಾತಿಯೇ ಬೇರೆ. ಎಚ್ಚರ ಬೇಕಾದ್ದು ಇಬ್ಬಡ್ಲದ ಬಗ್ಗೆ, ಅಂದರೆ ಹಣ್ಣಾದಾಗ ಬಿರಿದು ಹಿಟ್ಟುಹಿಟ್ಟಾಗುವ ಕರಬೂಜದ ಬಗೆ. ಅದು ಮತ್ತು ಸಾಂಬಾರು ಸೌತೆ ಒಂದೇ ಜಾತಿ, ಜೇನು ಒಂದರಿಂದ ಇನ್ನೊಂದಕ್ಕೆ ಹಾರಿದರೆ ಮುಂದಿನ ವರ್ಷ ತೂಗು ಹಾಕಿದ ಕಾಯಿ ಅಟ್ಟದಲ್ಲೇ ಬಿರಿದು ಹಿಟ್ಟಾಗಬಹುದು. ಪಕ್ಕದ ಗದ್ದೆಯಲ್ಲಿ ಇಬ್ಬಡ್ಲ ಇದ್ದರೆ ಬೀಜದ ಕಾಯಿಗೆ ಹೂವು ಅರಳುವ ಹಿಂದಿನ ಸಂಜೆಯೇ ಗಂಡು ಹೂವಿಗೂ ಹೆಣ್ಣು ಹೂವಿಗೂ ತೆಳು ಬಟ್ಟೆಯ ಚೀಲ ಕಟ್ಟಿ. ಬೆಳಿಗ್ಗೆ ಗಂಡು ಹೂವಿನ ಎಸಳು ಕಿತ್ತು ತೆಗೆದು, ಒಳಗಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಉಜ್ಜಿ ಮತ್ತೆ ಚೀಲ ಕಟ್ಟಬೇಕು. ಕಾಯಿ ಕಚ್ಚಿದ ಮೇಲೆ ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನೇ ಕೊಯ್ದು ಸಾಂಬಾರು ಮಾಡಿಬಿಡುತ್ತಾರೆ.